ಶೂನ್ಯ ಟಿಕೆಟ್ ಮತ್ತು ಎ-ಸ್ಟಾರ್

ಎಂ.ಟೆಕ್ ಮೊದಲ ಸೆಮಿಸ್ಟರಿನಲ್ಲಿ ಕೃತಕ ಬುದ್ಧಿಮತ್ತೆಯ ಪರಿಚಯ ಅಂತ ಒಂದು ವಿಷಯ ಇತ್ತು. ಎಲ್ಲರೂ ಅದನ್ನು ಎಐ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಅದನ್ನು ಓದಿದೆ. ಜೊತೆಗಿದ್ದವರು ಬಿ.ಇ. ಮುಗಿಸಿ ನೇರ ಬಂದ ಹುಡುಗ ಹುಡುಗಿಯರು. ನಾನು ಡಿಪ್ಲೊಮಾ ಮಕ್ಕಳಿಗೆ ಪಾಠ ಮಾಡಿ, ಮದುವೆಯಾಗಿ, ಮಗಳನ್ನು ಶಾಲೆಗೆ ಹಾಕಿದ ಮೇಲೆ ಬಂದವಳು. ಹಾಗಾಗಿ ಇಡೀ ಕ್ಲಾಸಿಗೆ ಅಕ್ಕ.

ಹುಡುಗರಿಗೆ ಮೊದಲ ವಾರವೇ ಬೇಸರ ಬಂತು. ಚಾಟ್‌ಜಿಪಿಟಿಯ ಹೊಟ್ಟೆಯೊಳಗೆ ಏನಿದೆ ಅಂತ ನೋಡಲು ಬಂದವರಿಗೆ ಸರ್ ಬೋರ್ಡ್ ಮೇಲೆ ಒಂಬತ್ತು ಚೌಕದ ಒಂದು ಪೆಟ್ಟಿಗೆ ಬರೆದು ತೋರಿಸಿದ್ದರು. ಎಂಟು ಬಿಲ್ಲೆ, ಒಂದು ಖಾಲಿ ಜಾಗ. ಬಿಲ್ಲೆ ಸರಿಸಿ 1ರಿಂದ 8ರವರೆಗೆ ಕ್ರಮವಾಗಿ ಕೂಡಿಸಬೇಕು. ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಆಟ. "ಅಕ್ಕಾ, ಇದು ನಮ್ಮಪ್ಪನ ಕಾಲದ ಸಿಲೆಬಸ್ ಅದ ನೋಡ್ರಿ" ಅಂದ ಪಕ್ಕದ ಬೆಂಚಿನ ಹುಡುಗ. ಅವನ ಲೆಕ್ಕ ತಪ್ಪಲ್ಲ. ಇನ್ನೂ ಹಳೆಯದೇ ಇರಬಹುದು.

ಸೆಮಿಸ್ಟರ್ ಮುಗಿದ ಮೇಲೆ ನನಗೆ ಅನ್ನಿಸಿದ್ದು ಮಾತ್ರ ಬೇರೆ. ಆ ಕೋರ್ಸಿನಲ್ಲಿ ನನ್ನ ಕೈಗೆ ನಿಜವಾಗಿ ಸಿಕ್ಕಿದ್ದೆಲ್ಲ ಆ ಹಳೆಯ ಅರ್ಧದಲ್ಲೇ ಇತ್ತು. ಯಾಕೆ ಅಂತ ಬರೆಯೋಣ ಅಂತ ಕೂತಿದ್ದೇನೆ.

ಎಂಟು ಬಿಲ್ಲೆಯ ಆಟದಿಂದಲೇ ಶುರು ಮಾಡುತ್ತೇನೆ. ಒಂಬತ್ತು ಜಾಗದಲ್ಲಿ ಅವನ್ನು ಇಡುವ ಬಗೆ ಒಟ್ಟು 3,62,880. ಅದರಲ್ಲಿ ಸರಿಯಾಗಿ ಅರ್ಧ, ಅಂದರೆ 1,81,440 ಬಗೆಗಳನ್ನು ಮಾತ್ರ ಸರಿಸಿ ಸರಿಸಿ ಮುಟ್ಟಬಹುದು. ಉಳಿದರ್ಧ ಏನು ಮಾಡಿದರೂ ಬರುವುದಿಲ್ಲ. ಎಷ್ಟೇ ಕಲಸಿ ಕೊಟ್ಟರೂ 31 ನಡೆಯೊಳಗೆ ಬಿಡಿಸಬಹುದು. ಲ್ಯಾಪ್‌ಟಾಪಿಗೆ ಇದು ಏನೂ ಅಲ್ಲ. ಆದರೆ ಒಂದು ಸಾಲು, ಒಂದು ಕಂಬ ಹೆಚ್ಚಿಸಿ ಹದಿನೈದು ಬಿಲ್ಲೆ ಮಾಡಿ. ಮುಟ್ಟಬಹುದಾದ ಸ್ಥಿತಿಗಳು ಹತ್ತು ಲಕ್ಷ ಕೋಟಿ ದಾಟುತ್ತವೆ. ಪೆಟ್ಟಿಗೆ ಬೆಳೆದದ್ದು ಇಷ್ಟೇ ಇಷ್ಟು, ಲೆಕ್ಕ ಎಲ್ಲಿಗೋ ಹೋಯಿತು. ಬ್ರಿಟನ್ನಿನಲ್ಲಿ 1973ರಲ್ಲಿ ಜೇಮ್ಸ್ ಲೈಟ್‌ಹಿಲ್ ಎಂಬ ಗಣಿತಜ್ಞ ಎಐ ಸಂಶೋಧನೆಯ ಮೇಲೆ ಒಂದು ವರದಿ ಕೊಟ್ಟರು. ಆಟದ ಪೆಟ್ಟಿಗೆಯಲ್ಲಿ ಗೆದ್ದದ್ದು ನಿಜ ಜಗತ್ತಿಗೆ ಬಂದ ಕೂಡಲೇ ಈ ಸ್ಫೋಟದಲ್ಲಿ ಮುಳುಗುತ್ತದೆ ಅನ್ನುವುದೇ ಅವರ ದೊಡ್ಡ ತಕರಾರು. ಅಲ್ಲಿ ಸರ್ಕಾರದ ದುಡ್ಡು ಬಹುಪಾಲು ನಿಂತಿತು. 1956ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಮೆಕಾರ್ಥಿ ಮತ್ತು ಗೆಳೆಯರು ಒಂದು ಬೇಸಿಗೆಯ ಕೆಲಸ ಅಂತ ಹುರುಪಿನಿಂದ ಶುರು ಮಾಡಿದ ವಿಷಯ ಇದು ಅಂತ ನೆನೆಸಿಕೊಂಡರೆ ಪಾಪ ಅನ್ನಿಸುತ್ತದೆ.

ಹಾಗಾದರೆ ಎಲ್ಲವನ್ನೂ ನೋಡದೆ ಹುಡುಕುವುದು ಹೇಗೆ? ಇಲ್ಲಿ ಬರುವುದು ಎ-ಸ್ಟಾರ್. 1968ರಲ್ಲಿ ಪೀಟರ್ ಹಾರ್ಟ್, ನಿಲ್ಸ್ ನಿಲ್ಸನ್, ಬರ್ಟ್ರಮ್ ರಾಫೆಲ್ ಬರೆದದ್ದು. ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಶೇಕಿ ಅಂತ ಒಂದು ರೋಬೋ ಇತ್ತು. ಅದಕ್ಕೆ ದಾರಿ ಹುಡುಕಿ ಕೊಡುವ ಕೆಲಸದಲ್ಲಿ ಹುಟ್ಟಿದ ಉಪಾಯ. ಲೆಕ್ಕ ಸರಳ. ಇಲ್ಲಿಯವರೆಗೆ ಆದ ಖರ್ಚು ಎಷ್ಟು, ಇನ್ನು ಗುರಿಗೆ ಎಷ್ಟು ಬೇಕಾಗಬಹುದು ಅನ್ನುವ ಅಂದಾಜು ಎಷ್ಟು, ಎರಡನ್ನೂ ಕೂಡಿಸು. ಯಾವುದರ ಮೊತ್ತ ಕಡಿಮೆಯೋ ಆ ಕಡೆ ಮೊದಲು ಹೋಗು. ಷರತ್ತು ಒಂದೇ: ಅಂದಾಜು ನಿಜವಾದ ಖರ್ಚಿಗಿಂತ ಯಾವತ್ತೂ ಜಾಸ್ತಿ ಇರಬಾರದು. ಕಡಿಮೆ ಇದ್ದರೆ ನಡೆಯುತ್ತದೆ. ಆಗ ಸಿಗುವ ದಾರಿ ಎಲ್ಲಕ್ಕಿಂತ ಅಗ್ಗದ್ದೇ ಅಂತ ಸಾಬೀತು ಮಾಡಬಹುದು.

ಉದಾಹರಣೆಗೆ ಪುಸ್ತಕಗಳಲ್ಲೆಲ್ಲ ಬೇರೆ ದೇಶದ ನಕಾಶೆ ಇರುತ್ತದೆ. ನಮ್ಮ ಸರ್ ಬೋರ್ಡ್ ಮೇಲೆ ಕಲಬುರಗಿ, ಕಮಲಾಪುರ, ಹುಮನಾಬಾದ್, ಚಿಂಚೋಳಿ, ಭಾಲ್ಕಿ, ಬೀದರ್ ಅಂತ ಗುಂಡು ಗುಂಡು ಬರೆದರು. ಊರಿಂದ ಊರಿಗೆ ಗೆರೆ, ಗೆರೆಯ ಮೇಲೆ ಕಿಲೋಮೀಟರು. ಅಂದಾಜು ಅಂದರೆ ಹಕ್ಕಿ ಹಾರುವ ದೂರ. ರಸ್ತೆ ಎಷ್ಟೇ ನೆಟ್ಟಗಿದ್ದರೂ ಅದಕ್ಕಿಂತ ಕಡಿಮೆ ಆಗಲಾರದು, ಆದ್ದರಿಂದ ಷರತ್ತು ಪಾಸು. ಎಲ್ಲ ಸರಿ ಇತ್ತು.

ಆಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು. "ಸರ್, ಖರ್ಚು ಅಂದ್ರ ಕಿಲೋಮೀಟರ್ ಯಾಕ್ರಿ? ರೊಕ್ಕ ತಗೊಳ್ರಿ. ನಮಗ ಎಲ್ಲಾ ಗೆರಿ ಮ್ಯಾಲೂ ಸೊನ್ನಿ ಬರ್ತದ."

ಕ್ಲಾಸು ನಕ್ಕಿತು. ಆದರೆ ಇದು ತಮಾಷೆ ಅಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ರಾಜ್ಯದೊಳಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾನೆ. ನಾನು ಕಮಲಾಪುರದಿಂದ ಬಂದು ಹೋಗುವುದೂ ಅದರಲ್ಲೇ. ಹಾಗಾದರೆ ನನ್ನ ನಕಾಶೆಯಲ್ಲಿ ಎಲ್ಲ ಗೆರೆಗಳ ಖರ್ಚೂ ಸೊನ್ನೆ. ಅಗ್ಗದ ದಾರಿ ಹುಡುಕು ಅಂತ ಕಂಪ್ಯೂಟರಿಗೆ ಹೇಳಿದರೆ ಅದು ಏನು ಮಾಡಬೇಕು?

ಪುಸ್ತಕದಲ್ಲಿ ಇದಕ್ಕೆ ಒಂದು ಸಣ್ಣ ಷರತ್ತು ಇದೆ. ಸುಮ್ನೆ ಓದಿದರೆ ಕಣ್ಣಿಗೇ ಬೀಳುವುದಿಲ್ಲ. ಪ್ರತಿ ಹೆಜ್ಜೆಯ ಖರ್ಚೂ ಸೊನ್ನೆಗಿಂತ ಸ್ವಲ್ಪವಾದರೂ ಹೆಚ್ಚಿರಬೇಕು. ಇಲ್ಲದಿದ್ದರೆ ಹುಡುಕಾಟ ಮುಗಿಯುತ್ತದೆ ಅಂತ ಖಾತ್ರಿ ಇಲ್ಲ. ಮುಟ್ಟಿದ ಊರುಗಳನ್ನು ಗುರುತು ಇಟ್ಟುಕೊಳ್ಳದ ಪ್ರೋಗ್ರಾಂ ಆದರೆ, ಕಲಬುರಗಿಯಿಂದ ಕಮಲಾಪುರ, ಕಮಲಾಪುರದಿಂದ ಕಲಬುರಗಿ, ಮತ್ತೆ ಕಮಲಾಪುರ, ಹೀಗೆ ಪುಕ್ಕಟೆ ಸುತ್ತುತ್ತಲೇ ಇರಬಹುದು. ಖರ್ಚು ಏರುವುದೇ ಇಲ್ಲವಲ್ಲ, ಬೇರೆ ಕಡೆ ನೋಡುವುದಾದರೂ ಯಾಕೆ? ಆ ಒಂದು ಸಾಲಿನ ಷರತ್ತು ಅಲ್ಲಿ ಯಾಕಿದೆ ಅಂತ ಅವತ್ತು ಇಡೀ ಕ್ಲಾಸಿಗೆ ತಿಳಿಯಿತು. ಸರ್‌ಗೂ ಖುಷಿಯಾಯಿತು.

ನನ್ನ ತಲೆಯಲ್ಲಿ ಉಳಿದದ್ದು ಅದರ ಮುಂದಿನ ಮಾತು. ದುಡ್ಡು ಸೊನ್ನೆ ಆದ ಮಾತ್ರಕ್ಕೆ ನನ್ನ ಖರ್ಚು ಸೊನ್ನೆ ಆಗಿಲ್ಲ. ಸೀಟು ಸಿಗದೆ ನಿಂತು ಬರುವುದು ಖರ್ಚು. ಕತ್ತಲಾದ ಮೇಲೆ ಕ್ರಾಸಿನಲ್ಲಿ ಇಳಿಯುವುದು ಖರ್ಚು. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಕಾಯುವುದು, ಅದೂ ಕಲಬುರಗಿಯ ಬಿಸಿಲು, ಅದು ದೊಡ್ಡ ಖರ್ಚು. ಇವುಗಳಲ್ಲಿ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಎ-ಸ್ಟಾರ್ ಹೇಳುವುದಿಲ್ಲ. ಅದನ್ನು ಒಬ್ಬ ಮನುಷ್ಯ ಕೂತು ನಿರ್ಧರಿಸಬೇಕು. ಆಮೇಲೆ ಯಂತ್ರ ಎಷ್ಟು ಚೊಕ್ಕವಾಗಿ ಹುಡುಕಿದರೂ ಅದು ಹುಡುಕುವುದು ಆ ಮನುಷ್ಯ ಬರೆದ ಖರ್ಚಿನ ದಾರಿಯನ್ನೇ. ಬುದ್ಧಿವಂತಿಕೆ ಹುಡುಕಾಟದಲ್ಲಿದೆ ಅಂತ ನಾನು ಅಂದುಕೊಂಡು ಬಂದಿದ್ದೆ. ಅರ್ಧಕ್ಕಿಂತ ಜಾಸ್ತಿ ಅದು ಸಮಸ್ಯೆ ಬರೆಯುವ ಕಡೆ ಇದೆ.

ನಕಾಶೆಗೆ ಬಣ್ಣ ಹಚ್ಚುವ ಪಾಠವೂ ಇದೇ ಜಾಡಿನದು, ಬೇಗ ಹೇಳಿಬಿಡುತ್ತೇನೆ. ಪಕ್ಕಪಕ್ಕದ ಜಿಲ್ಲೆಗಳಿಗೆ ಒಂದೇ ಬಣ್ಣ ಬರಬಾರದು. ಕಲಬುರಗಿ, ಯಾದಗಿರಿ, ವಿಜಯಪುರ ಮೂರೂ ಒಂದಕ್ಕೊಂದು ತಾಗಿವೆ, ಆದ್ದರಿಂದ ಮೂರು ಬಣ್ಣ ಬೇಕೇ ಬೇಕು. ರಾಯಚೂರಿಗೆ ಕಲಬುರಗಿಯ ಬಣ್ಣವನ್ನೇ ಕೊಡಬಹುದು, ಅವೆರಡರ ಗಡಿ ಸೇರುವುದಿಲ್ಲ. ಯಾದಗಿರಿ ಬೇರೆ ಜಿಲ್ಲೆಯಾದದ್ದು 2010ರಲ್ಲಿ. ಅದಕ್ಕೂ ಮೊದಲಿನ ನಕಾಶೆ ತೆಗೆದುಕೊಂಡರೆ ಗುಲ್ಬರ್ಗ ಮತ್ತು ರಾಯಚೂರಿನ ಗಡಿ ಕೂಡಿತ್ತು, ಉತ್ತರ ಬೇರೆ ಬರುತ್ತಿತ್ತು. ಬೀದರಿಗೆ ರಾಜ್ಯದೊಳಗೆ ಒಬ್ಬರೇ ನೆರೆಯವರು, ಕಲಬುರಗಿ. ಅದಕ್ಕೆ ಕೊನೆಯಲ್ಲಿ ಕಲಬುರಗಿಯದೊಂದು ಬಿಟ್ಟು ಯಾವ ಬಣ್ಣ ಹಚ್ಚಿದರೂ ತಕರಾರಿಲ್ಲ. ಬೀದರಿನ ಹುಡುಗ ಒಬ್ಬ "ಯಾವಾಗ್ಲೂ ನಾವೇ ಕೊನಿಗೆ" ಅಂದ.

ಪ್ರಾಜೆಕ್ಟಿಗೆ ನಮ್ಮ ತಂಡ ಆಡು-ಹುಲಿ ಆಟ ತೆಗೆದುಕೊಂಡಿತು. ಚೆಸ್ ಮಾಡಿದವರು ಲಕ್ಷ ಜನ ಇದ್ದಾರೆ. ಹಳೇ ಗುಡಿ, ಕೋಟೆಗಳ ಕಲ್ಲು ಹಾಸಿನ ಮೇಲೆ ಕೆತ್ತಿರುವ ಆ ಮೂರು ಮೂಲೆಯ ಮನೆ ನೋಡಿರುತ್ತೀರಿ. ಮೂರು ಹುಲಿ, ಹದಿನೈದು ಆಡು, ಇಪ್ಪತ್ತಮೂರು ಜಾಗ. ಹುಲಿ ಹಾರಿ ಆಡನ್ನು ತಿನ್ನಬೇಕು, ಆಡುಗಳು ಹುಲಿಯನ್ನು ಕಟ್ಟಿಹಾಕಬೇಕು. ಕಂಪ್ಯೂಟರ್ ಆಡುವ ಬಗೆ ಹೀಗೆ: ನಾನು ಹೀಗೆ ನಡೆದರೆ ಎದುರಾಳಿ ನನಗೆ ಅತಿ ಕೆಟ್ಟದ್ದೇ ಮಾಡುತ್ತಾನೆ, ಆ ಕೆಟ್ಟದ್ದರಲ್ಲಿ ಒಳ್ಳೆಯದು ಯಾವುದು? ಹೀಗೆ ಕೆಲವು ನಡೆ ಮುಂದಕ್ಕೆ ನೋಡಿ, ಅಲ್ಲಿ ನಿಂತು ಒಂದು ಅಂಕಿ ಕೊಡಬೇಕು. ಇದಕ್ಕೆ ಮಿನಿಮ್ಯಾಕ್ಸ್ ಅನ್ನುತ್ತಾರೆ. ನೋಡಿ ಉಪಯೋಗವಿಲ್ಲದ ಕೊಂಬೆಗಳನ್ನು ಕತ್ತರಿಸಲು ಆಲ್ಫಾ-ಬೀಟಾ ಅಂತ ಇನ್ನೊಂದು ಉಪಾಯ ಇದೆ. ನಡೆಗಳನ್ನು ಒಳ್ಳೆಯ ಕ್ರಮದಲ್ಲಿ ಇಟ್ಟುಕೊಂಡರೆ ಅಷ್ಟೇ ಹೊತ್ತಿನಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು ಆಳ ನೋಡಬಹುದು. 1997ರಲ್ಲಿ ಚೆಸ್ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಕೂಡ ಬುಡದಲ್ಲಿ ಇದೇ. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿ ನೋಡುತ್ತಿತ್ತು, ಅಷ್ಟೇ ವ್ಯತ್ಯಾಸ.

ನಮ್ಮ ತಂಡದಲ್ಲಿ ಜಗಳ ಬಂದದ್ದು ಆ ಅಂಕಿಯ ಮೇಲೆ. ಆಡುಗಳ ಕಡೆಯಿಂದ ಒಂದು ಸ್ಥಿತಿ ಎಷ್ಟು ಒಳ್ಳೆಯದು? ಉಳಿದಿರುವ ಆಡುಗಳನ್ನು ಎಣಿಸಿದರೆ ಸಾಕು ಅಂದರು ಇಬ್ಬರು. ಹಾಗೆ ಬರೆದಾಗ ಪ್ರೋಗ್ರಾಂ ಅಂಜುಬುರುಕನಂತೆ ಆಡಿತು. ಒಂದೂ ಆಡು ಸಾಯಬಾರದು ಅಂತ ಮೂಲೆ ಹಿಡಿದು ಕೂತಿತು, ಹುಲಿ ಮಾತ್ರ ಆರಾಮಾಗಿ ತಿರುಗಾಡುತ್ತಿತ್ತು. ಹುಲಿಗೆ ಉಳಿದ ನಡೆಗಳನ್ನೂ ಎಣಿಸಿ ಅಂಕಿಯಲ್ಲಿ ಸೇರಿಸಿದಾಗ ಆಟದ ರೂಪವೇ ಬದಲಾಯಿತು. ಬೇಕಂತಲೇ ಒಂದು ಆಡು ಕೊಟ್ಟು ಹುಲಿಯನ್ನು ಇಕ್ಕಟ್ಟಿಗೆ ಎಳೆಯಲು ಶುರು ಮಾಡಿತು. ಹುಡುಕುವ ಕೋಡಿನಲ್ಲಿ ಒಂದಕ್ಷರ ಮುಟ್ಟಿರಲಿಲ್ಲ. ನನ್ನ ಮಗಳು ಅದರ ಜೊತೆ ಆಡಿ ಸೋತು, ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದಳು.

ಎಕ್ಸ್‌ಪರ್ಟ್ ಸಿಸ್ಟಂ ಎಂಬ ಅಧ್ಯಾಯವನ್ನು ಸರ್ ಎರಡೇ ಕ್ಲಾಸಿನಲ್ಲಿ ಮುಗಿಸಿದರು. ನಾನು ಅದರಲ್ಲೇ ತುಂಬಾ ದಿನ ಸಿಕ್ಕಿಕೊಂಡೆ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಮೈಸಿನ್ ಅನ್ನುವ ಪ್ರೋಗ್ರಾಂ ಮಾಡಿದರು. ರಕ್ತಕ್ಕೆ ಸೋಂಕು ತಗುಲಿದಾಗ ಯಾವ ಬ್ಯಾಕ್ಟೀರಿಯಾ, ಯಾವ ಔಷಧ ಅಂತ ಹೇಳುತ್ತಿತ್ತು. ಒಳಗೆ ಸುಮಾರು 600 ನಿಯಮ. ಹೀಗಿದ್ದರೆ ಹಾಗೆ. ನಿಯಮಗಳನ್ನೆಲ್ಲ ವೈದ್ಯರನ್ನು ಕೂಡಿಸಿಕೊಂಡು ಕೇಳಿ ಕೇಳಿ ಬರೆದದ್ದು. ಪರೀಕ್ಷೆಯಲ್ಲಿ ಚೆನ್ನಾಗಿಯೇ ಮಾಡಿತು, ಆದರೆ ಆಸ್ಪತ್ರೆಯಲ್ಲಿ ಬಳಕೆಗೆ ಬರಲೇ ಇಲ್ಲ.

ನಮಗೆ ಕೊಟ್ಟ ಅಸೈನ್‌ಮೆಂಟ್: ಒಬ್ಬ ಪರಿಣಿತರನ್ನು ಕೇಳಿ ಇಪ್ಪತ್ತು ನಿಯಮ ಬರೆದುಕೊಂಡು ಬನ್ನಿ. ನನ್ನ ಕಾಕಾ ಇಡೀ ಆಯುಷ್ಯ ತೊಗರಿ ಬೆಳೆದವರು. ಈ ಕಡೆ ತೊಗರಿ ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ, ಕಲಬುರಗಿಯ ತೊಗರಿಬೇಳೆಗೆ 2019ರಿಂದ ಜಿಐ (ಭೌಗೋಳಿಕ ಸೂಚಿಕೆ) ಗುರುತೂ ಇದೆ. ನೆಟೆ ರೋಗ ಬಂತು ಅಂದರೆ ಕೈಗೆ ಬಂದ ಬೆಳೆ ನಿಂತಲ್ಲೇ ಒಣಗುತ್ತದೆ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಏರುವ ದಾರಿ ಕಟ್ಟಿಬಿಡುತ್ತದೆ. ಅದನ್ನು ಗುರುತು ಹಿಡಿಯುವ ನಿಯಮ ಬರೆಯೋಣ ಅಂತ ಹೋದೆ.

"ಕಾಕಾ, ಎಲಿ ಹಳದಿ ಆಗಿ ಜೋತು ಬಿದ್ರ ನೆಟೆ ಅಂತ ಬರಕೊಳ್ಳಲೇನ್ರಿ?"

"ಯಾರ ಹೊಲದ್ದು?"

"ಯಾರದರೆ ಇರಲ್ರಿ, ಗಿಡ ಹಿಂಗದ ಅಂತ ತಿಳ್ಕೊಳ್ರಿ."

"ಹಂಗ್ಯಾಂಗ ಹೇಳ್ಲವ್ವ? ಮದಲ ಯಾರ ಹೊಲ ಹೇಳು. ಆಮ್ಯಾಲ ಗಿಡ ನೋಡ್ತೀನಿ."

ನಾನು ಎಷ್ಟು ಸಲ ಹೇಗೆ ಕೇಳಿದರೂ ಕಾಕಾ ಹೊಲದಿಂದ ಗಿಡಕ್ಕೆ ಬರುತ್ತಿದ್ದರೇ ಹೊರತು ಗಿಡದಿಂದ ಶುರು ಮಾಡಲು ಒಪ್ಪಲಿಲ್ಲ. ಹೋದ ವರ್ಷ ಅಲ್ಲಿ ಏನು ಹಾಕಿದ್ದರು? ಜೋಳದ ಜೊತೆ ಅಕ್ಕಡಿ ಇತ್ತೋ, ಬರೇ ತೊಗರಿಯೋ? ನೀರು ನಿಲ್ಲುವ ಜಾಗವೋ? ಒಂದು ನಿಯಮ ಬರೆದರೆ ಅದಕ್ಕೆ ಮೂರು "ಆದರ" ಹುಟ್ಟುತ್ತಿದ್ದವು. ನನ್ನ ಇಪ್ಪತ್ತು ನಿಯಮದ ಹಾಳೆ ತುಂಬಿ ಹಿಂಬದಿಗೆ ಹೋಯಿತು. ಮೈಸಿನ್ ಮಾಡಿದವರ ಪಾಡು ನನಗೆ ಚೆನ್ನಾಗಿ ಅರ್ಥವಾಯಿತು.

ಅದರ ಮುಂದಿನ ಅಧ್ಯಾಯ ಸಂಭವನೀಯತೆ. ಥಾಮಸ್ ಬೇಯ್ಸ್ ಎಂಬ ಪಾದ್ರಿ ಬರೆದಿಟ್ಟದ್ದನ್ನು ಅವರು ತೀರಿಕೊಂಡ ಮೇಲೆ ಗೆಳೆಯ ರಿಚರ್ಡ್ ಪ್ರೈಸ್ 1763ರಲ್ಲಿ ಪ್ರಕಟಿಸಿದರು. ಹೊಸ ಸುಳಿವು ಸಿಕ್ಕಾಗ ಮೊದಲಿನ ಅಂದಾಜನ್ನು ಹೇಗೆ ತಿದ್ದಬೇಕು ಅಂತ ಹೇಳುವ ಆ ಸೂತ್ರ ನನಗೆ ಬಿ.ಇ.ಯಿಂದಲೂ ಬಾಯಿಪಾಠ. ಆದರೆ ಈ ಸಲ ಅದನ್ನು ಕಾಕಾನ ಹೊಲಕ್ಕೆ ಹಚ್ಚಿ ನೋಡಿದೆ. ಅಂಕಿಗಳು ಸುಮ್ನೆ ನಾನು ಇಟ್ಟುಕೊಂಡವು. ನೆಟೆ ಇರುವ ನೂರು ಗಿಡದಲ್ಲಿ 90ರ ಎಲೆ ಜೋತು ಬೀಳುತ್ತದೆ, ನೆಟೆ ಇಲ್ಲದ ನೂರರಲ್ಲಿ ಬೇರೆ ಕಾರಣಕ್ಕೆ 10ರದ್ದು ಬೀಳುತ್ತದೆ ಅಂದುಕೊಳ್ಳಿ. ಒಂದು ಹೊಲದಲ್ಲಿ ನೆಟೆ ಬರುವುದೇ ಅಪರೂಪ, ಸಾವಿರಕ್ಕೆ 10 ಗಿಡ. ಅಲ್ಲಿ ಎಲೆ ಜೋತ ಗಿಡಗಳು 9 ಮತ್ತು 99, ಒಟ್ಟು 108. ನಿಜವಾಗಿ ನೆಟೆ ಇರುವವು 9. ನೂರಕ್ಕೆ ಎಂಟರಷ್ಟು. ಇನ್ನೊಂದು ಹೊಲದಲ್ಲಿ ಹೋದ ವರ್ಷವೂ ನೆಟೆ ಬಿದ್ದಿತ್ತು, ಆ ಶಿಲೀಂಧ್ರ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ, ಅಲ್ಲಿ ಸಾವಿರಕ್ಕೆ 300 ಅಂದುಕೊಳ್ಳಿ. ಆಗ ಎಲೆ ಜೋತವು 270 ಮತ್ತು 70, ಒಟ್ಟು 340. ನೆಟೆ ಇರುವವು 270. ನೂರಕ್ಕೆ 79. ಅದೇ ಎಲೆ, ಅದೇ ಜೋತು ಬೀಳುವಿಕೆ. ಒಂದು ಕಡೆ ಎಂಟು, ಇನ್ನೊಂದು ಕಡೆ ಎಪ್ಪತ್ತೊಂಬತ್ತು.

"ಯಾರ ಹೊಲದ್ದು?" ಅಂತ ಕಾಕಾ ಕೇಳುತ್ತಿದ್ದದ್ದು ಇದನ್ನೇ. ನಾನು ಅದನ್ನು ಮಾತು ತಪ್ಪಿಸುವುದು ಅಂತ ತಿಳಿದಿದ್ದೆ. ಎಷ್ಟೋ ಪಾಠಗಳಲ್ಲಿ ಈ ಮೊದಲ ಅಂಕಿಯನ್ನು, ಅಂದರೆ ಸಾವಿರಕ್ಕೆ ಎಷ್ಟು ಗಿಡಕ್ಕೆ ನೆಟೆ ಅನ್ನುವುದನ್ನು, 'ಕೊಟ್ಟಿದೆ' ಅಂತ ಬರೆದು ಮುಂದೆ ಹೋಗುತ್ತಾರೆ. ಯಾರು ಕೊಟ್ಟರು, ಎಲ್ಲಿಂದ ತಂದರು ಅಂತ ಯಾರೂ ಕೇಳುವುದಿಲ್ಲ.

ಮಿದುಳಿನ ನರಕೋಶಗಳನ್ನು ನೋಡಿ ಮಾಡಿದ, ಉದಾಹರಣೆಗಳಿಂದ ಕಲಿಯುವ ನರಜಾಲಗಳ ಅಧ್ಯಾಯ ಬರುವಷ್ಟರಲ್ಲಿ ಸೆಮಿಸ್ಟರ್ ಕೊನೆ. ಫ್ರಾಂಕ್ ರೋಸೆನ್‌ಬ್ಲಾಟ್ ಅವರ 1958ರ ಪರ್ಸೆಪ್ಟ್ರಾನ್ ಎಂಬ ಸರಳ ನರಜಾಲ, ಒಂದು ಪದರದಿಂದ ಬಿಡಿಸಲಾಗದ ಸಣ್ಣ ಲೆಕ್ಕವನ್ನು 1969ರಲ್ಲಿ ಮಿನ್ಸ್ಕಿ ಮತ್ತು ಪಾಪರ್ಟ್ ತೋರಿಸಿದ್ದು, ಆಮೇಲೆ ಹಲವು ಪದರಗಳು, 2017ರಲ್ಲಿ ಬಂದ, ಚಾಟ್‌ಜಿಪಿಟಿಗೆ ಬುಡವಾದ ಟ್ರಾನ್ಸ್‌ಫಾರ್ಮರ್ ಎಂಬ ನರಜಾಲ. ಎಲ್ಲ ಓಟದಲ್ಲೇ ಆಯಿತು. ಹುಡುಗರು ಕಾದು ಕೂತಿದ್ದ ಚಾಟ್‌ಜಿಪಿಟಿಗೆ ಸಿಕ್ಕಿದ್ದು ಕೊನೆಯ ಒಂದು ಗಂಟೆ. ಅವರ ಅಸಮಾಧಾನ ನ್ಯಾಯವೇ, ಸಿಲೆಬಸ್ ಮಾಡುವವರು ಇದಕ್ಕೆ ಇನ್ನಷ್ಟು ಜಾಗ ಕೊಡಬೇಕು. ಆದರೆ ಹಳೆಯದನ್ನು ತೆಗೆದು ಕೊಡಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. 2016ರಲ್ಲಿ ಗೋ ಎಂಬ ಕಾಯಿ ಆಟದಲ್ಲಿ ಹೆಸರಾಂತ ಆಟಗಾರ ಲೀ ಸೆಡೋಲ್ ಅವರನ್ನು ಸೋಲಿಸಿದ ಆಲ್ಫಾಗೋ ಪ್ರೋಗ್ರಾಂ ಬರೀ ನರಜಾಲ ಅಲ್ಲ. ನರಜಾಲದ ಅಂದಾಜು, ಅದರ ಜೊತೆ ಮರ ಹತ್ತಿ ಇಳಿಯುವ ಹಳೇ ಹುಡುಕಾಟ, ಎರಡೂ ಸೇರಿ ಗೆದ್ದದ್ದು. ನಾವು ಆಡು-ಹುಲಿಯಲ್ಲಿ ಕೈಯಿಂದ ಬರೆದ ಆ ಅಂಕಿಯನ್ನು ಅಲ್ಲಿ ಯಂತ್ರ ಆಟ ಆಡಿ ಆಡಿ ಕಲಿತಿತ್ತು.

ಆ ಕೊನೆಯ ಗಂಟೆಯಲ್ಲಿ ಒಂದು ವಿಷಯ ಮಾತ್ರ ಎಲ್ಲರೂ ಬರೆದುಕೊಂಡರು. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಇಡುವ ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತ ಚಿಹ್ನೆಗೂ ಮೂರು ಮೂರು ಬೈಟ್. ಕಲಬುರಗಿ ಅನ್ನುವ ಹೆಸರು ಇಂಗ್ಲಿಷಿನಲ್ಲಿ ಬರೆದರೆ 10 ಬೈಟ್, ಕನ್ನಡದಲ್ಲಿ 21. ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗಳು ಪಠ್ಯವನ್ನು ತುಂಡು ತುಂಡು ಮಾಡಿ ಓದುತ್ತವೆ. ಕನ್ನಡ ಕಡಿಮೆ ನೋಡಿದ ಮಾದರಿ ಕನ್ನಡವನ್ನು ಹೆಚ್ಚು ಚೂರು ಮಾಡುತ್ತದೆ. ಚೂರಿನ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ಸೇವೆಗಳಲ್ಲಿ ಅದೇ ಮಾತಿಗೆ ನಮಗೆ ಬಿಲ್ಲು ಜಾಸ್ತಿ. ಮತ್ತೆ ಖರ್ಚಿನ ಮಾತೇ ಬಂತು ನೋಡಿ.

ಯಾರಾದರೂ ಈ ಕೋರ್ಸ್ ತೆಗೆದುಕೊಳ್ಳುವವರಿದ್ದರೆ ಎರಡು ಮಾತು. ಪೈಥಾನ್ ಮತ್ತು ಸಂಭವನೀಯತೆಯ ಗಣಿತ ಒಂದಿಷ್ಟು ಮೊದಲೇ ತಿರುವಿ ಹಾಕಿಕೊಳ್ಳಿ. ಹುಡುಕಾಟದ ಭಾಗಕ್ಕೆ ದೀಪಕ್ ಖೇಮಾನಿ ಅವರು ಮದ್ರಾಸ್ ಐಐಟಿಯಿಂದ ಮಾಡಿದ ಎನ್‌ಪಿಟಿಇಎಲ್ ವಿಡಿಯೋ ಪಾಠಗಳು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ. ನಿಧಾನ, ಆದರೆ ಗಟ್ಟಿ.

ಈಗ ಮುಂದಿನ ಸೆಮಿಸ್ಟರಿನ ಕೆಲಸ ನಡೆದಿದೆ. ತಂಡದ ಹುಡುಗರಿಗೆ ತೊಗರಿ ಎಲೆಯ ಫೋಟೋ ನೋಡಿ ರೋಗ ಹೇಳುವ ಮೊಬೈಲ್ ಆ್ಯಪ್ ಮಾಡುವ ಆಸೆ. ಫೋಟೋ ಹಿಡಿದುಕೊಂಡು ಕಾಕಾನ ಹತ್ತಿರ ಹೋದೆವು, ಯಾವುದು ಯಾವ ರೋಗ ಅಂತ ಗುರುತು ಹಾಕಿಸಲು. ಕಾಕಾ ಕನ್ನಡಕ ಏರಿಸಿ ಎಲ್ಲ ನೋಡಿ, ಫೋನ್ ವಾಪಸ್ ಕೊಟ್ಟರು. "ಎಲಿ ನೋಡಿ ಏನ್ ತಿಳೀತದೋ ತಮ್ಮ? ಕಾಂಡ ಸೀಳಿ ನೋಡಬೇಕು. ಒಳಗ ಕರಿ ಗೆರಿ ಇದ್ರ ನೆಟೆ." ಹುಡುಗರು ಮುಖ ಮುಖ ನೋಡಿಕೊಂಡರು. ಆ ಗೆರೆ ಒಂದು ಫೋಟೋದಲ್ಲೂ ಇರಲಿಲ್ಲ. ಆ ಫೋಟೋಗಳ ಮೇಲೆ ತರಬೇತಿ ಕೊಟ್ಟಿದ್ದರೆ ಮಾದರಿ ಏನೋ ಒಂದು ಕಲಿಯುತ್ತಿತ್ತು, ನೆಟೆಯನ್ನಂತೂ ಅಲ್ಲ.

ಆದ್ದರಿಂದ ಯೋಜನೆ ಬದಲಾಗಿದೆ. ಈ ಸಲ ಸೀಳಿದ ಕಾಂಡದ ಫೋಟೋ. ಪ್ರತಿ ಫೋಟೋದ ಜೊತೆ ಹೊಲದ ವಿವರ: ಹೋದ ವರ್ಷದ ಬೆಳೆ ಯಾವುದು, ಅಕ್ಕಡಿ ಇತ್ತೋ ಇಲ್ಲವೋ, ನೀರು ನಿಲ್ಲುತ್ತದೋ. ಗಿಡ ಸೀಳಲು ಒಪ್ಪುವ ರೈತರನ್ನು ಕಾಕಾ ಹುಡುಕುತ್ತಿದ್ದಾರೆ. ಒಣಗಿದ ಗಿಡವನ್ನೇ ಸೀಳುತ್ತೇವೆ ಅಂತ ಎಲ್ಲರಿಗೂ ಬಿಡಿಸಿ ಹೇಳಬೇಕು ಅಂತ ತಾಕೀತೂ ಮಾಡಿದ್ದಾರೆ.